ದಪ್ಪ ವೈರು

ಗಾಡಿ ರಿಪೇರಿಯವರ ಸಾಲಿನಲ್ಲಿ ಕೊನೆಯ ಶೆಡ್ಡು ಫ್ಯೂಸಮ್ಮನದು. ಆ ಹೆಸರಿಟ್ಟವನು ಅವಳ ಅಪ್ಪನೇ. ಚಿಕ್ಕಂದಿನಲ್ಲಿ ಯಾರಾದರೂ ಒಂದು ಮಾತು ಹೆಚ್ಚು ಆಡಿದರೆ ಸಾಕು, ಪಟ್ಟೆಂದು ಸಿಡಿದು ಮೂಲೆ ಸೇರಿದರೆ ಅರ್ಧ ದಿನ ಹುಡುಗಿಯ ಬಾಯಿಂದ ಮಾತೇ ಹೊರಡುತ್ತಿರಲಿಲ್ಲವಂತೆ. ಮುಂದೆ ಅವಳು ಗಾಡಿಗಳ ವೈರಿಂಗ್ ಕೆಲಸ ಕಲಿತು ಸ್ವಂತ ಶೆಡ್ಡು ಹಾಕಿದಾಗ ಹೆಸರು ಕಸುಬಿಗೂ ಒಪ್ಪಿಬಿಟ್ಟಿತು. ಬೋರ್ಡಿನ ಮೇಲೆ ಅವಳು ಬೇರೆ ಏನೋ ಗಂಭೀರವಾಗಿ ಬರೆಸಿದ್ದಾಳೆ, ನಿಜ. ಅದನ್ನು ಓದಿದವರು ಮಾತ್ರ ಇನ್ನೂ ಸಿಕ್ಕಿಲ್ಲ.

ಅಪ್ಪ ಜೀಪಿನವನು. ಊರಾಚೆಯ ಗುಡ್ಡದ ತುದಿಯಲ್ಲಿ ಕಲ್ಲು ಕ್ವಾರಿಯಿದೆ. ಅಲ್ಲಿಗೆ ಹನ್ನೊಂದು ಕಿಲೋಮೀಟರ್ ದಾರಿ; ದಾರಿ ಅಂತ ಅನ್ನಬೇಕಷ್ಟೇ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು, ನಡುವೆ ಜೀಪು ಹಿಡಿಸುವಷ್ಟು ಜಾಗ. ಬೆಳಕು ಹರಿಯುವ ಮುಂಚೆ ಕೆಲಸದವರನ್ನು ಮೇಲಕ್ಕೆ ಹತ್ತಿಸುವುದು, ಕತ್ತಲಾದ ಮೇಲೆ ಕೆಳಗಿಳಿಸುವುದು ಅವನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಬ್ಬರ ಮೊಣಕೈಗೂ ಗೀರು ಬಿದ್ದಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳದ ದಿನವೇ ಇರಲಿಲ್ಲ ಎನ್ನಿ.

ಇಂಥ ಅಪ್ಪ ತನ್ನ ಜೀಪಿನ ವೈರಿಂಗ್ ಕೆಲಸವನ್ನು ಮಗಳಿಗೆ ಎಂದೂ ಕೊಟ್ಟಿರಲಿಲ್ಲ. ಎದುರು ಸಾಲಿನಲ್ಲಿ ಒಬ್ಬ ಮುದುಕ ಮೇಸ್ತ್ರಿ ಇದ್ದ, ಎಲ್ಲ ಅವನ ಹತ್ತಿರವೇ. ಮಗಳ ಶೆಡ್ಡಿನ ಮುಂದೆಯೇ ಹಾದು ಹೋಗಿ ಅವನ ಹತ್ತಿರ ನಿಲ್ಲಿಸುತ್ತಿದ್ದ. ಹಾರ್ನ್ ಹೊಡೆದು ಕೈ ಬೀಸುತ್ತಿದ್ದ, ಅದು ಬೇರೆ! ಫ್ಯೂಸಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. "ಮನೆ ವಿಷಯ ಮನೇಲಿರ್ಲಿ, ಗಾಡಿ ವಿಷಯ ಗಾಡೀಲಿರ್ಲಿ ಕಣೇ" ಎಂದು ಅವನು ತಪ್ಪಿಸಿಕೊಳ್ಳುತ್ತಿದ್ದ. ಮಗಳ ಕೈಮೇಲೆ ನಂಬಿಕೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಮಾತು ಅವನಿಗೆ ಸಿಕ್ಕಿರಲಿಲ್ಲ. ಹೋದ ವರ್ಷ ಆ ಮುದುಕ ಅಂಗಡಿ ಮುಚ್ಚಿ ಮಗನ ಮನೆಗೆ ಹೋದ. ಬೇರೆ ದಾರಿ ಕಾಣದೆ ಅಪ್ಪ ಒಂದು ಭಾನುವಾರ ಜೀಪನ್ನು ಮಗಳ ಶೆಡ್ಡಿನೊಳಗೆ ತಂದ.

"ಲೈಟು ಸತ್ತೇ ಹೋಗಿವೆ ಕಣೇ. ಬೆಳಗಿನ ಟ್ರಿಪ್ಪಲ್ಲಿ ರಸ್ತೇನೇ ಕಾಣಲ್ಲ. ಎರಡು ಮಿಣುಕು ಹುಳ ಕಟ್ಕೊಂಡು ಗುಡ್ಡ ಹತ್ತಿದ ಹಾಗಾಗಿದೆ."

"ಇಷ್ಟು ವರ್ಷ ಯಾವ ಸೂರ್ಯನ್ನ ಕಟ್ಕೊಂಡು ಹತ್ತುತಿದ್ದೆ?"

"ಆಗ ಕಾಣ್ತಿತ್ತು," ಅಂದ ಅಪ್ಪ.

ಅವಳು ಅದನ್ನು ಕೇಳಿಸಿಕೊಂಡಳು, ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕೈ ಆಗಲೇ ಮೀಟರಿನ ಮೇಲಿತ್ತು. ಎಂಜಿನ್ ಓಡಿಸಿ, ಲೈಟು ಹಾಕಿ, ಮೊದಲು ಬ್ಯಾಟರಿಯ ಮೇಲೆ ಮೀಟರಿನ ಕಡ್ಡಿ ಇಟ್ಟು ನೋಡಿದಳು. ಹದಿಮೂರು ಪಾಯಿಂಟ್ ಒಂಬತ್ತು. ಆಮೇಲೆ ಹೆಡ್‌ಲೈಟಿನ ಹೋಲ್ಡರಿನಲ್ಲಿ ನೋಡಿದಳು. ಹನ್ನೊಂದು ಪಾಯಿಂಟ್ ಎರಡು.

"ನೋಡಪ್ಪಾ! ಎರಡೂ ಮುಕ್ಕಾಲು ವೋಲ್ಟ್ ದಾರೀಲೇ ಸೋರಿಹೋಗ್ತಿದೆ. ನಿನ್ನ ಮುದುಕ ಮೇಸ್ತ್ರಿ ಇಷ್ಟು ವರ್ಷ ಕಡ್ಲೆಕಾಯಿ ತಿಂತಿದ್ನಾ?"

ಹಳೆಯ ಜೀಪುಗಳ ಹಣೆಬರಹವೇ ಅದು. ಹೆಡ್‌ಲೈಟ್ ಕುಡಿಯುವ ಅಷ್ಟೂ ಕರೆಂಟು ಬ್ಯಾಟರಿಯಿಂದ ಹೊರಟು, ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ ಬಂದು, ಅಲ್ಲಿಂದ ಕಾಲಡಿಯ ಡಿಮ್ ಸ್ವಿಚ್ಚಿಗೆ ಇಳಿದು, ಮತ್ತೆ ಮುಂದಕ್ಕೆ ಹೋಗಬೇಕು. ಅದೂ ಹೊಲಿಗೆ ದಾರದಂಥ ವೈರಿನಲ್ಲಿ. ದೀಪಕ್ಕೆ ತಲುಪುವ ಹೊತ್ತಿಗೆ ಕರೆಂಟಿಗೇ ಸುಸ್ತು. ಫ್ಯೂಸಮ್ಮ ಅಂದು ಊಟದ ಹೊತ್ತನ್ನೂ ಮರೆತಳು. ಬ್ಯಾಟರಿಯಿಂದ ನೇರವಾಗಿ ದೀಪಗಳಿಗೆ ದಪ್ಪ ವೈರು ಎಳೆದಳು. ನಡುವೆ ಎರಡು ರಿಲೇ ಕೂರಿಸಿದಳು. ಇನ್ನು ಮೇಲೆ ಹಳೆಯ ಸ್ವಿಚ್ಚು ಬರೀ ಅಪ್ಪಣೆ ಕೊಟ್ಟರೆ ಸಾಕು, ಭಾರ ಹೊರುವ ಕೆಲಸ ರಿಲೇಯದು. ಒಂದು ದೀಪ ಕೈಕೊಟ್ಟರೂ ಇನ್ನೊಂದು ಉಳಿಯಲಿ ಎಂದು ಎರಡಕ್ಕೂ ಬೇರೆ ಬೇರೆ ಫ್ಯೂಸ್ ಹಾಕಿದಳು. ಕಂದು ಬಣ್ಣಕ್ಕೆ ತಿರುಗಿದ್ದ ಪ್ಲಾಸ್ಟಿಕ್ ಹೋಲ್ಡರ್ ಕಿತ್ತು ಪಿಂಗಾಣಿಯದು ಹಾಕಿದಳು. ಬಾಡಿಯ ಬಣ್ಣವನ್ನು ಕಬ್ಬಿಣ ಹೊಳೆಯುವ ತನಕ ಕೆರೆದು ಅರ್ತ್ ವೈರು ಬಿಗಿದಳು. ಬೇರೆಯವರ ಗಾಡಿಗಾದರೆ ಎರಡು ಸುತ್ತು ಟೇಪು, ಇಲ್ಲಿ ಐದು ಸುತ್ತು.

ಮುಗಿದ ಮೇಲೆ ಶಟರ್ ಎಳೆದು ಶೆಡ್ಡನ್ನು ಕತ್ತಲು ಮಾಡಿ ಲೈಟು ಹಾಕಿದಳು. ಎದುರು ಗೋಡೆಯ ಇಟ್ಟಿಗೆಗಳನ್ನು ಎಣಿಸುವಂತಾಯಿತು. ದೀಪದ ಬುಡದಲ್ಲಿ ಹದಿಮೂರು ಪಾಯಿಂಟ್ ಆರು.

ಅಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟ. "ಹಗಲು ಮಾಡ್ಬಿಟ್ಯಲ್ಲೇ," ಅಂದ.

ಮೂವತ್ತನಾಲ್ಕು ವರ್ಷದಲ್ಲಿ ಅವನ ಬಾಯಿಂದ ಅವಳ ಕೆಲಸದ ಬಗ್ಗೆ ಬಂದ ಮೊದಲ ಹೊಗಳಿಕೆ ಅದು. ಫ್ಯೂಸಮ್ಮ ಕೈ ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದಳು. ಮಾರನೆಯ ದಿನದಿಂದ ಅಪ್ಪ ಕ್ವಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಬಾನೆಟ್ ಎತ್ತಿ ತೋರಿಸಿದ್ದೇ ತೋರಿಸಿದ್ದು. "ನಮ್ಮ ಮಗಳು ಎಳೆದ ವೈರು. ಹೆಂಗಿದೆ, ಹೆಬ್ಬೆಟ್ಟಿನಷ್ಟು ದಪ್ಪ!" ಹೆಬ್ಬೆಟ್ಟಿನಷ್ಟೇನೂ ದಪ್ಪ ಇರಲಿಲ್ಲ. ಆ ಸುದ್ದಿ ಕೇಳಿ ಮೂರು ಜನ ತಮ್ಮ ಜೀಪನ್ನೂ ಅವಳ ಹತ್ತಿರ ತಂದರು.

ಮೂರು ತಿಂಗಳು ಕಳೆಯಿತು. ಅಪ್ಪ ಮತ್ತೆ ಬಂದ.

"ಮೊದಲಿನ ಹಾಗಿಲ್ಲ ಕಣೇ. ಮಂಕಾಗಿದೆ."

ಅವಳು ಅಳೆದಳು. ಹದಿಮೂರು ಪಾಯಿಂಟ್ ಆರು. ಕಡ್ಡಿ ತೆಗೆದು ಮತ್ತೆ ಇಟ್ಟಳು. ಅಷ್ಟೇ. ಅರ್ತ್ ನೋಡಿದಳು, ರಿಲೇ ಕಿತ್ತು ಕಾಲುಗಳನ್ನು ಉಜ್ಜಿ ಕೂರಿಸಿದಳು. ಎಲ್ಲಿಯೂ ಏನೂ ಕೆಟ್ಟಿರಲಿಲ್ಲ. ಅಪ್ಪ ಮಡಚಿದ ಗೋಣಿಚೀಲದ ಮೇಲೆ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ತನ್ನ ಕೆಲಸ ಮೂರೇ ತಿಂಗಳಿಗೆ ಮಂಕಾಯಿತು ಎಂಬ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. "ಬಲ್ಬು ಸುಮಾರು ಕಂಪನೀದು ಅನ್ಸುತ್ತೆ," ಅಂದಳು, ತನ್ನ ಮಾತನ್ನು ತಾನೇ ನಂಬಿಕೊಂಡು. ಹೆಚ್ಚು ವ್ಯಾಟಿನ ಬಲ್ಬು ಹಾಕಿದಳು. ದಪ್ಪ ವೈರು ಇತ್ತಲ್ಲ, ತಡೆದುಕೊಂಡಿತು. ಅಪ್ಪ ಗೋಡೆಯ ಕಡೆ ಸ್ವಲ್ಪ ಹೊತ್ತು ನೋಡಿ, "ಈಗ ಸರಿಯಾಯ್ತು" ಎಂದು ಎದ್ದ.

ಮತ್ತೆರಡು ತಿಂಗಳು. "ನಟ್ಟನಡುವೆ ಚೆನ್ನಾಗಿದೆ. ಅಂಚೇ ಕಾಣಲ್ಲ. ಎಡಗಡೆ ಕಲ್ಲು ಇದ್ದಕ್ಕಿದ್ದ ಹಾಗೆ ಬಂದ್ಬಿಡುತ್ತೆ, ಯಾರೋ ಆಗಷ್ಟೇ ತಂದಿಟ್ಟ ಹಾಗೆ."

ಈ ಸಲವೂ ಹದಿಮೂರು ಪಾಯಿಂಟ್ ಆರು. ಆಗ ಫ್ಯೂಸಮ್ಮ ಏನು ಮಾಡಿದಳು ಗೊತ್ತೇ? ಮೀಟರಿನ ಮೇಲೇ ಅನುಮಾನಪಟ್ಟಳು! ಅಂದೇ ಪೇಟೆಗೆ ಹೋಗಿ ಹೊಸ ಮೀಟರ್ ತಂದಳು. ಅದೂ ಅದನ್ನೇ ಹೇಳಿತು. ಎರಡು ಮೀಟರು ಒಂದೇ ಮಾತು ಹೇಳಿದರೂ ಅವಳು ಕೇಳಲಿಲ್ಲ. ವೈರಿನವರ ಬುದ್ಧಿ ಹಾಗೆ. ಕಾಣುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ದೀಪ ನೆನಪಾಗುತ್ತದೆ, ಹೇಳಿದವರು ನೆನಪಾಗುವುದಿಲ್ಲ. ಬಂಪರಿನ ಎರಡು ತುದಿಗೆ ಎರಡು ಸೈಡ್ ಲ್ಯಾಂಪ್ ಬಿಗಿದು ರಸ್ತೆಯ ಅಂಚಿನ ಕಡೆಗೆ ತಿರುಗಿಸಿದಳು. ಈಗ ಆ ಜೀಪು ಗುಡ್ಡ ಹತ್ತಿದರೆ ಇಡೀ ಗುಡ್ಡಕ್ಕೆ ಗೊತ್ತಾಗುತ್ತಿತ್ತು. "ನಿಮ್ಮಪ್ಪ ಟ್ರಿಪ್ ಹೊರಟ್ರೆ ಕೋಳಿಗಳು ಕೂಗೋಕೆ ಶುರು ಮಾಡ್ತವೆ" ಎಂದು ಬೇರೆ ಡ್ರೈವರುಗಳು ಕಿಚಾಯಿಸಿದರು. ಅವಳು ನಕ್ಕಳು. ಆ ನಗುವನ್ನು ನೆನೆದರೆ ಅವಳಿಗೆ ಈಗ ಮೈ ಉರಿಯುತ್ತದೆ.

ಮನೆಯಲ್ಲಿ ಅಮ್ಮ ಬೇರೆಯದೇ ಲೆಕ್ಕ ಹೇಳುತ್ತಿದ್ದಳು. "ನಿಮ್ಮಪ್ಪ ಬಾಗಿಲ ಚೌಕಟ್ಟಿಗೆ ಭುಜ ಹೊಡ್ಕೋತಾರೆ ಕಣೇ. ಲೋಟ ಇಲ್ಲಿದ್ರೆ ಕೈ ಅಲ್ಲಿ ಹಾಕ್ತಾರೆ. ಮೊನ್ನೆ ನಾನು ಪಕ್ಕದಲ್ಲೇ ಕೂತಿದೀನಿ, ನನ್ನನ್ನೇ ಕೂಗ್ತಿದಾರೆ, ಎಲ್ಲಿ ಹೋದೆ ಅಂತ."

"ಮದುವೆಯಾಗಿ ನಲವತ್ತು ವರ್ಷ ಆದ್ಮೇಲೆ ಪಕ್ಕದಲ್ಲಿರೋ ಹೆಂಡ್ತಿ ಯಾವ ಗಂಡಸಿಗಮ್ಮ ಕಾಣ್ತಾಳೆ?" ಅಂದಳು ಮಗಳು.

ಅಪ್ಪ ಅಲ್ಲೇ ಇದ್ದ. "ನನ್ನ ಕಣ್ಣಿಗೇನಾಗಿದೆ? ನೋಡು, ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಈಗ ಏಳರ ಮೇಲಿದೆ, ಈಗ ಎಂಟು" ಎಂದು ಓದಿ ತೋರಿಸಿದ. ಮುಳ್ಳು ನಿಜವಾಗಿಯೂ ಎಂಟರ ಮೇಲಿತ್ತು. ಅಮ್ಮ ಎದ್ದು ಅಡಿಗೆಮನೆಗೆ ಹೋದಳು.

ಇದೆಲ್ಲ ಮುರಿದುಬಿದ್ದದ್ದು ಒಂದು ನಡುಹಗಲು. ಬಿಸಿಲು ಸುಣ್ಣದ ಹಾಗೆ ಚೆಲ್ಲಿತ್ತು. ಫ್ಯೂಸಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಯಾರದೋ ಲಾರಿಯ ಹಾರ್ನ್ ಬಿಚ್ಚುತ್ತಿದ್ದಳು. ಅಪ್ಪನ ಜೀಪು ರಸ್ತೆಯಿಂದ ಒಳಕ್ಕೆ ತಿರುಗಿತು. ಅವಳು ಕೈ ಎತ್ತಿದಳು, ಅಪ್ಪ ನೇರವಾಗಿ ನೋಡುತ್ತ ನಗುತ್ತಲೇ ಬಂದ. ಜೀಪಿನ ಎಡ ಮಡ್‌ಗಾರ್ಡು ಅವಳ ತೊಡೆಗೆ ಬಡಿದು ಅವಳನ್ನು ಲಾರಿಯ ಚಕ್ರದ ಮೇಲೆ ಕೆಡವಿತು. ನಿಧಾನವಾಗಿ ಬರುತ್ತಿದ್ದ, ದೇವರು ದೊಡ್ಡವನು, ಮೂಳೆಗೇನೂ ಆಗಲಿಲ್ಲ. ಕೆಂಪು ಮೇಲಂಗಿ ತೊಟ್ಟು ಬಿಸಿಲಲ್ಲಿ ನಿಂತಿದ್ದ ಆಳು ಅವಳು. ಅಪ್ಪ ನೋಡುತ್ತಿದ್ದ ಕಡೆಯಿಂದ ಎರಡೇ ಮೊಳ ಎಡಕ್ಕೆ.

ಅಪ್ಪ ಜೀಪಿನಿಂದ ಹಾರಿ ಬಂದ. ಅವಳ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದ. "ಎಲ್ಲಿದ್ಯೇ ನೀನು? ಎಲ್ಲಿಂದ ಬಂದೆ?" ಎಂದು ಅದನ್ನೇ ಕೇಳಿದ. ಆಮೇಲೆ, ಅವಳು ಎದ್ದು ಕೂತ ಮೇಲೆ, ನೆಲ ನೋಡುತ್ತ ಹೇಳಿದ: "ಆ ಲೈಟು ಇನ್ನೊಂದ್ಸಲ ನೋಡಮ್ಮಾ."

ನೆತ್ತಿಯ ಮೇಲೆ ಸೂರ್ಯ ಇದ್ದ. ಫ್ಯೂಸಮ್ಮ ಸೂರ್ಯನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಕೀಲಿಗಾಗಿ ಕೈ ಚಾಚಿದಳು. ಅಪ್ಪ ಕೊಟ್ಟುಬಿಟ್ಟ.

ಕಣ್ಣಾಸ್ಪತ್ರೆಯಲ್ಲಿ ಅವನನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಒಳಗೆ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಿ ಅಂದರು. ಅಪ್ಪ ಬಟನ್ನನ್ನು ಸ್ಟೀರಿಂಗಿನ ಹಾಗೆ ಬಿಗಿಯಾಗಿ ಹಿಡಿದಿದ್ದ. ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು, ಅವನ ಹೆಬ್ಬೆರಳು ಎಲ್ಲೋ ಒಮ್ಮೆ ಅಲ್ಲಾಡುತ್ತಿತ್ತು. ಕೊನೆಗೆ ಹೊರಬಿದ್ದ ಕಾಗದವನ್ನು ಡಾಕ್ಟರಮ್ಮ ಮೇಜಿನ ಮೇಲಿಟ್ಟರು. ಕಾಗದದ ತುಂಬ ಕಪ್ಪು, ನಡುವೆ ನಾಣ್ಯದಷ್ಟು ಬಿಳಿ. ಆ ನಾಣ್ಯದೊಳಗಿಂದ ಅವನು ಗಡಿಯಾರ ಓದುತ್ತಿದ್ದ, ರಸ್ತೆಯ ನಡುವನ್ನು ನೋಡುತ್ತಿದ್ದ, ಮಗಳ ಮುಖ ನೋಡುತ್ತಿದ್ದ. ಉಳಿದದ್ದು ಯಾವಾಗಲೋ ಹೋಗಿತ್ತು. ನೋವಿಲ್ಲ, ಕೆಂಪಿಲ್ಲ, ಒಂದು ಹನಿ ನೀರೂ ಬಂದಿರಲಿಲ್ಲ.

"ಗ್ಲಾಕೋಮಾ," ಅಂದರು ಡಾಕ್ಟರಮ್ಮ. ಮಗಳ ಕಸುಬು ಕೇಳಿ ತಿಳಿದುಕೊಂಡಿದ್ದರಿಂದ ಅವಳಿಗೆ ತಿಳಿಯುವ ಹಾಗೆ ಹೇಳಿದರು: "ಬಲ್ಬು ಚೆನ್ನಾಗಿದೆ ಅಂದ್ಕೊಳ್ಳಿ. ಹಿಂದೆ ಮಿದುಳಿಗೆ ಹೋಗೋ ವೈರು ಕಣ್ಣೊಳಗಿನ ಒತ್ತಡಕ್ಕೆ ಸಿಕ್ಕಿ ಒಂದೊಂದೇ ಎಳೆ ಸಾಯ್ತಾ ಬಂದಿದೆ."

"ಅದನ್ನ ಬದಲಾಯಿಸೋಕೆ..."

"ಅದೊಂದು ಆಗಲ್ಲಮ್ಮ. ಇರೋದನ್ನ ಉಳಿಸ್ಕೊಳ್ಳೋಕೆ ಡ್ರಾಪ್ಸ್ ಕೊಡ್ತೀನಿ. ದಿನಾ ತಪ್ಪದೆ ಹಾಕ್ಬೇಕು. ಹೋಗಿದ್ದು ಬರಲ್ಲ." ಅವರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಗಾಡಿ ಇನ್ನು ಮುಟ್ಟಬೇಡಿ. ಕತ್ತಲಲ್ಲಿ ಕಷ್ಟ ಆಗೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಹೋದ ವರ್ಷ ಆಗ್ತಿತ್ತು ಡಾಕ್ಟ್ರೇ. ಆಮೇಲೆ ನನ್ನ ಮಗಳು ಸರಿ ಮಾಡಿದ್ಳು."

"ಸರಿ ಮಾಡಿದ್ರಾ? ಏನು ಹಾಕಿದ್ರಿ ಕಣ್ಣಿಗೆ?"

"ಕಣ್ಣಿಗಲ್ಲ, ಜೀಪಿಗೆ. ದಪ್ಪ ವೈರು ಎಳೆದ್ಳು," ಅಂದ ಅಪ್ಪ. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಕ್ವಾರಿಯವರಿಗೆ ಬಾನೆಟ್ ಎತ್ತಿ ತೋರಿಸುವ ಅದೇ ಜಂಬ ಇತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆಗಲೇ ಬಂದಿದ್ರೆ," ಎಂದವರು ಫ್ಯೂಸಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಪೆನ್ನು ಎತ್ತಿಕೊಂಡು ಡ್ರಾಪ್ಸಿನ ಹೆಸರು ಬರೆಯತೊಡಗಿದರು. ಆ ಅರ್ಧ ಮಾತಿನ ಉಳಿದರ್ಧ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ರಸ್ತೆ ಕಾಣದೇ ಹೋಗಿದ್ದರೆ ಅಪ್ಪ ಹೆದರುತ್ತಿದ್ದ. ಹೆದರಿದ್ದರೆ ಇಲ್ಲಿಗೆ ಬರುತ್ತಿದ್ದ. ಅವಳು ರಸ್ತೆ ಕಾಣುವ ಹಾಗೆ ಮಾಡಿದ್ದಳು. ಒಂದು ಸಲ ಅಲ್ಲ, ಮೂರು ಸಲ. ಎಷ್ಟು ಕಣ್ಣು ಕಡಿಮೆಯಾಯಿತೋ ಅಷ್ಟು ಬೆಳಕು ಹೆಚ್ಚು ಸುರಿದು, ಅವನಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಅವಳು ಜೀವಮಾನದಲ್ಲಿ ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು. ಮನೆಗೆ ಬರುವಾಗ ಜೀಪನ್ನು ಅವಳೇ ಓಡಿಸಿದಳು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಿದ್ದ.

ಕ್ವಾರಿಯ ಟ್ರಿಪ್ಪಿಗೆ ಇನ್ನೊಬ್ಬ ಡ್ರೈವರ್ ಬಂದ. ಜೀಪನ್ನೂ ಅವನೇ ತೆಗೆದುಕೊಳ್ಳುವುದೆಂದು ಮಾತಾಯಿತು. ಒಂದು ವಾರ ಓಡಿಸಿ ನೋಡಿದವನು ಶೆಡ್ಡಿಗೆ ಬಂದು ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಆ ಸೈಡ್ ಲ್ಯಾಂಪ್ ತೆಗ್ದು, ಬಲ್ಬು ಮಾಮೂಲೀದು ಹಾಕ್ಕೊಡಿ. ಎದುರು ಬರೋರು ಬೈತಾರೆ. ನನಗೆ ಅಷ್ಟೆಲ್ಲ ಬೇಕಾಗಿಲ್ಲ."

ಅವನೇನೋ ಸಹಜವಾಗಿ ಹೇಳಿದ. ಅವಳಿಗೆ ಮಾತ್ರ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು.

ಭಾನುವಾರ ಮಧ್ಯಾಹ್ನ ಅವಳು ಸೈಡ್ ಲ್ಯಾಂಪಿನ ನಟ್ಟು ಬಿಚ್ಚಲು ಕೂತಳು. ಜೀಪು ಹೋಗುವ ಮುಂಚೆ ಒಂದು ಸಲ ನೋಡಬೇಕೆಂದು ಅಪ್ಪನೂ ಬಂದಿದ್ದ. ಅಮ್ಮ ಅವನ ತೋಳು ಹಿಡಿದು ತಂದು ಕೂರಿಸಿ ಹೋಗಿದ್ದಳು. ಅವನು ತಲೆಯನ್ನು ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ತಿರುಗಿಸಿ, ಜೀಪನ್ನು ತುಂಡು ತುಂಡಾಗಿ ನೋಡುತ್ತಿದ್ದ. ಎಡ ಲ್ಯಾಂಪು ಕಳಚಿ ಬಂತು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಅಪ್ಪಾ, ನಾನು ಈ ಹಾಳು ವೈರು ಎಳೀದೆ ಇದ್ದಿದ್ರೆ ನೀನು ಹೋದ ವರ್ಷವೇ ಆಸ್ಪತ್ರೆಗೆ ಹೋಗ್ತಿದ್ದೆ. ನಿನ್ನ ಕಣ್ಣು ಉಳೀತಿತ್ತು. ನಾನೇ ಕಳೆದೆ." ಸ್ಪ್ಯಾನರ್ ಕೈಯಲ್ಲಿ ಹಿಡಿದೇ ಅವಳು ಗಟ್ಟಿಯಾಗಿ ಅತ್ತಳು. ಅವಳ ಸಿಡುಕು, ಜೋರು ಎಲ್ಲ ಎಲ್ಲಿ ಹೋಗಿತ್ತೋ.

ಅಳು ಸ್ವಲ್ಪ ಇಳಿಯುವ ತನಕ ಅಪ್ಪ ಕಾದ.

"ಹಾಗನ್ಬೇಡ. ನನಗೂ ಅನುಮಾನ ಇತ್ತು," ಅಂದ. "ಮೊದಲ ಸಲ ಅಲ್ಲ. ಎರಡನೇ ಸಲ ಬಂದಾಗ. ಒಂದು ಕಣ್ಣು ಮುಚ್ಕೊಂಡು ಬಾಗಿಲು ನೋಡ್ದೆ, ಅರ್ಧ ಬಾಗಿಲು ಇರ್ಲಿಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ ಕಣಮ್ಮ. ಕಣ್ಣು ಹೋಯ್ತು ಅಂದ್ರೆ ಜೀಪು ಹೋಯ್ತು. ಲೈಟು ಹೋಯ್ತು ಅನ್ನೋದು ಸುಲಭ."

"ಮತ್ತೆ ನನ್ನ ಹತ್ರ ಯಾಕಪ್ಪ ಬರ್ತಿದ್ದೆ?"

ಅಪ್ಪ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಒಂದಿಷ್ಟು ಆಚೀಚೆ ಹುಡುಕಿ ಅವಳ ಮುಖವನ್ನು ಆ ಸಣ್ಣ ಬಿಳಿಯೊಳಗೆ ತಂದುಕೊಂಡ.

"ನೀನು ಸುಳ್ಳು ಹೇಳೋಳಲ್ಲ. ಮೀಟರ್ ಇಟ್ಟು ನೋಡಿ, ಈ ಸಲನಾದ್ರೂ 'ಲೈಟ್ ಸರಿಯಾಗಿದೆ ಕಣಪ್ಪಾ, ನಡಿ ಡಾಕ್ಟ್ರ ಹತ್ರ' ಅಂತೀಯೇನೋ ಅಂತ. ನೀನಂದಿದ್ರೆ ಹೋಗ್ತಿದ್ದೆ. ಎರಡು ಸಲನೂ ಕಾದೆ."

ಫ್ಯೂಸಮ್ಮ ಸ್ಪ್ಯಾನರ್ ಕೆಳಗಿಟ್ಟಳು. ಗೋಣಿಚೀಲದ ಮೇಲೆ ಕೂತು ತನ್ನ ಮುಖವನ್ನೇ ನೋಡುತ್ತಿದ್ದ ಅಪ್ಪನನ್ನು ತಾನು ಆಗ ಗಿರಾಕಿ ಅಂದುಕೊಂಡಿದ್ದೆ ಎಂಬುದು ಅವಳಿಗೆ ಗೊತ್ತಾಯಿತು. ಹೊಗಳಿಕೆ ಎಲ್ಲಿ ಹೋಗಿಬಿಡುತ್ತದೋ ಎಂದು ಹೆದರಿ, ಇಲ್ಲದ ದೋಷವನ್ನು ಹುಡುಕಿ ಹುಡುಕಿ ಸರಿಪಡಿಸಿದ್ದಳು.

"ಎಷ್ಟಿತ್ತು ಅವತ್ತು?" ಅಪ್ಪ ಕೇಳಿದ.

"ಹದಿಮೂರು ಪಾಯಿಂಟ್ ಆರು." ಅವಳು ಮೂಗು ಒರೆಸಿಕೊಂಡಳು. "ಎರಡು ಸಲನೂ ಅಷ್ಟೇ ಇತ್ತು. ಲೈಟು ಸರಿಯಾಗಿತ್ತಪ್ಪಾ."

ಅವನು ತಲೆಯಾಡಿಸಿದ. ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

"ಅವತ್ತೇ ಹೇಳ್ಬಾರದಿತ್ತೇನಮ್ಮಾ," ಅಂದ.